ಹೆಸರು ಮರೆಸಿ ಕೇಳಿದ ಪ್ರಶ್ನೆಗಳು

ಶಾಲೆಯ ಮೆಟ್ಟಿಲ ಕೆಳಗಿನ ಆ ಕೋಣೆಗೆ ಕಿಟಕಿ ಇಟ್ಟವನಿಗೆ ಪುಣ್ಯ ಬರಲಿ ಅನ್ನೋಣವೆಂದರೆ, ಪುಣ್ಯಾತ್ಮ ಕಿಟಕಿಯನ್ನೇ ಇಟ್ಟಿಲ್ಲ. ಮಿಣುಕುವ ಒಂದು ಟ್ಯೂಬ್‌ಲೈಟು, ಗೋಡೆಗೆ ಆತುಕೊಂಡ ಜೆರಾಕ್ಸ್ ಯಂತ್ರ, ಆಳೆತ್ತರಕ್ಕೆ ಪೇರಿಸಿದ ಕಾಗದದ ಕಟ್ಟುಗಳು, ನಡುವೆ ಒಂದು ಕುರ್ಚಿ. ಆ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದನ್ನು ಹಿಡಿದು ಕರೆಯುವ ಗೋಜಿಗೆ ಶಾಲೆಯಲ್ಲಿ ಯಾರೂ ಹೋಗಿರಲಿಲ್ಲ. ಮಕ್ಕಳಿಂದ ಹಿಡಿದು ಹೆಡ್‌ಮಿಸ್‌ವರೆಗೆ ಎಲ್ಲರಿಗೂ ಅವಳು ಜೆರಾಕ್ಸ್ ಅಕ್ಕ. ಪ್ರಶ್ನೆಪತ್ರಿಕೆ ಬೇಕೆ, ಜೆರಾಕ್ಸ್ ಅಕ್ಕ. ಸುತ್ತೋಲೆ ಬೇಕೆ, ಜೆರಾಕ್ಸ್ ಅಕ್ಕ. ಯಂತ್ರದ ಬಾಯಿಗೆ ಕಾಗದ ಸಿಕ್ಕಿಕೊಂಡು ಅದು ಕಿರುಗುಟ್ಟಿದರೂ ಬೈಗುಳ ಅಕ್ಕನಿಗೇ.

ಮನೆಯಲ್ಲಿ ಆ ಹೆಸರೂ ಇರಲಿಲ್ಲ. ಗಂಡನಿಗೆ ಅವಳು 'ಲೇ', ಅತ್ತೆಗೆ 'ಏನೇ'. ಗಂಡ ಒಂದು ಕಂಪ್ಯೂಟರ್ ಸಂಸ್ಥೆಯಲ್ಲಿ ಮೇಷ್ಟ್ರು. ಆ ಸಂಸ್ಥೆ ಪ್ರೋಗ್ರಾಮ್ ಬರೆಯುವುದನ್ನು ಹೊಸಬರಿಗೆ ಕಲಿಸುತ್ತಿತ್ತು, ಅದೂ ಮನೆಯಲ್ಲೇ ಕೂತು ಕಲಿಯುವ ಹಾಗೆ. ಪಾಠಗಳೆಲ್ಲ ವಿಡಿಯೋದಲ್ಲಿ. ಬರೆಯುವುದಕ್ಕೆ ತೆರೆಯ ಮೇಲೊಂದು ಹಾಳೆ. ಟೈಪ್ ಮಾಡಿದ ಪದಗಳು ತಾವೇ ಬಣ್ಣ ಬದಲಿಸಿ ಇದು ಆಜ್ಞೆ, ಇದು ಅಂಕಿ, ಇದು ಬರೀ ಅಕ್ಷರ ಎಂದು ತೋರಿಸುತ್ತಿದ್ದವು. 'ಓಡಿಸು' ಎಂಬ ಗುಂಡಿ ಒತ್ತಿದರೆ ಬರೆದದ್ದನ್ನು ಕಂಪ್ಯೂಟರೇ ಪರೀಕ್ಷಿಸಿ ಹಸಿರು ಗುರುತನ್ನೋ ಕೆಂಪು ಕಾಟನ್ನೋ ಹಾಕುತ್ತಿತ್ತು. ಕೆಂಪು ಯಾಕೆ ಬಂತೆಂದು ತಲೆ ಕೆರೆದು ಕೆರೆದು ಸಾಕಾದವರಿಗೆ ಕೊನೆಯ ದಾರಿ ಸಹಾಯ ಫಲಕ. ಅಲ್ಲಿ ಪ್ರಶ್ನೆ ಬರೆದು ಹಾಕಿದರೆ ಮೇಷ್ಟ್ರು ಉತ್ತರ ಬರೆಯುತ್ತಾರೆ, ಕಲಿಯುವವರೆಲ್ಲ ಓದಿಕೊಳ್ಳುತ್ತಾರೆ. ಸಂಜೆ ಮನೆಯ ಹಾಲಿನಲ್ಲಿ ಕಾಲು ಚಾಚಿ ಕೂತು ಆ ಫಲಕಕ್ಕೆ ಉತ್ತರ ಬರೆಯುವುದೇ ಗಂಡನ ಕೆಲಸ.

ವಿದ್ಯೆ ಇಲ್ಲದವನಲ್ಲ, ಅದನ್ನು ಒಪ್ಪಲೇಬೇಕು. ಆದರೆ ಎಲುಬಿಲ್ಲದ ನಾಲಿಗೆ ನೋಡಿ, ಹೇಗೆ ಬೇಕಾದರೂ ಹೊರಳುತ್ತಿತ್ತು. ಪ್ರಶ್ನೆ ಕೇಳಿದವರ ಮುಖಕ್ಕೆ ಮಂಗಳಾರತಿ ಎತ್ತಿ, ಕೊನೆಗೆ ಇಷ್ಟೇ ಇಷ್ಟು ಸುಳಿವು ಬಿಸಾಕುತ್ತಿದ್ದ. ಒಬ್ಬಳು ಕಲಿಯುವ ಹುಡುಗಿ ಅತ್ತುಕೊಂಡು ಬಿಟ್ಟೇ ಹೋದಳು, ಅವಳಪ್ಪ ಸಂಸ್ಥೆಗೆ ಬಂದು ಗಲಾಟೆ ಮಾಡಿದ. ಮುಖ್ಯಸ್ಥರು ಮೇಷ್ಟ್ರನ್ನು ಕರೆಸಿ, ಕಲಿಯುವವರನ್ನು ಅವಮಾನಿಸಿದಿರಿ ಎಂದು ಇನ್ನೊಂದು ದೂರು ಬಂದರೆ ಕೆಲಸದ ಆಸೆ ಬಿಡಿ ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದರು. ಆವತ್ತು ಮನೆಗೆ ಬಂದವನು, "ತಲೇಲಿ ಬೂಸಾ ತುಂಬ್ಕೊಂಡು ಬರ್ತಾರೆ, ಬೂಸಾ ಅಂದ್ರೆ ಅಳ್ತಾರೆ" ಎಂದು ಶೂ ಬಿಚ್ಚಿ ಮೂಲೆಗೆಸೆದ.

ಹೀಗಿರುವಾಗ ಶಾಲೆಯಲ್ಲಿ ಹೊಸ ಸುದ್ದಿ ಹುಟ್ಟಿತು. ಮೆಟ್ಟಿಲ ಕೆಳಗಿನ ಕೋಣೆಗೆ ಬೀಗ; ಇನ್ನು ಮೇಲೆ ಸ್ಟಾಫ್‌ರೂಮಿನಲ್ಲೇ ಒಂದು ಹೊಸ ಯಂತ್ರ, ಬೇಕಾದವರು ತಾವೇ ಪ್ರತಿ ತೆಗೆದುಕೊಳ್ಳುವುದು. ಮಕ್ಕಳಿಗಾಗಿ ಒಂದು ಕಂಪ್ಯೂಟರ್ ಲ್ಯಾಬು. ಹೆಡ್‌ಮಿಸ್ ಕೆಟ್ಟವರೇನಲ್ಲ, ಕರೆದು ಹೇಳಿದರು:

"ಮುಂದಿನ ವರ್ಷದಿಂದ ನಿನ್ನ ಕೋಣೆ ಇರಲ್ಲಮ್ಮ. ಆದ್ರೆ ಲ್ಯಾಬಿಗೆ ಒಬ್ರು ಬೇಕು. ಪ್ರೋಗ್ರಾಮ್ ಬರೆಯೋದು ಕಲಿತು ನಿನ್ನ ಗಂಡನ ಸಂಸ್ಥೆ ಸರ್ಟಿಫಿಕೇಟ್ ತಂದ್ರೆ ಕೆಲಸ ನಿಂದೇ. ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ."

"ನನ್ನ ತಲೆಗೆ ಹತ್ತುತ್ತಾ ಮಿಸ್?"

"ಒಳ್ಳೆ ಕಥೆ! ಅಂಗೈಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪ ಹುಡುಕಿದ್ರಂತೆ. ಮನೇಲೇ ಮೇಷ್ಟ್ರು ಇದಾರಲ್ಲ."

ಅಂಗೈಯ ಬೆಣ್ಣೆಯ ರುಚಿ ಅವಳಿಗೆ ಗೊತ್ತಿತ್ತು. ಆದರೂ ಆ ಸಂಜೆ ಗಂಡ ಖುಷಿಯಲ್ಲಿದ್ದ ಗಳಿಗೆ ನೋಡಿ ಮೆಲ್ಲಗೆ ಮಾತು ತೆಗೆದಳು. ನನಗೂ ಒಂದಿಷ್ಟು ಹೇಳಿಕೊಡ್ತೀರಾ ಎಂದು ಕೇಳಿ ಮುಗಿಸುವ ಮೊದಲೇ ಅವನು ನಕ್ಕ. "ಕೋಣನ ಮುಂದೆ ಕಿನ್ನರಿ ಬಾರಿಸೋಕೆ ನಂಗೆ ಪುರುಸೊತ್ತಿಲ್ಲ ಕಣೇ. ನಿಂಗ್ಯಾಕೆ ಇದೆಲ್ಲ? ಕಾಗದ ಹಾಕು, ಗುಂಡಿ ಒತ್ತು, ಕಾಗದ ತೆಗಿ. ಅಷ್ಟಕ್ಕೆ ಹೇಳಿ ಮಾಡಿಸಿದ ತಲೆ ಅದು." ಮಂಚದ ಮೇಲಿದ್ದ ಅತ್ತೆ, "ಪಾಪ, ಏನೋ ಆಸೆ ಪಟ್ಟು ಕೇಳ್ತು" ಎಂದು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಅವಳು ಮರುದಿನವೇ ಸೇರಿಕೊಂಡಳು. ಗಂಡನಿಗೆ ಹೇಳದೆ, ಶಾಲೆಯ ಅಂಕಪಟ್ಟಿಯಲ್ಲಿದ್ದ ತವರಿನ ಹೆಸರಿನಲ್ಲಿ. ಅದೇ ಸಂಸ್ಥೆಗೆ ಯಾಕೆ ಸೇರಿದಳು ಎಂದರೆ ಹೆಡ್‌ಮಿಸ್‌ಗೆ ಬೇಕಿದ್ದದ್ದು ಅದರದೇ ಸರ್ಟಿಫಿಕೇಟು. ಅಲ್ಲಿ ಕಲಿಯುವವರು ಸಾವಿರಾರು ಮಂದಿ, ಆ ಸಂತೆಯಲ್ಲಿ ತನ್ನೊಬ್ಬಳನ್ನು ಯಾರು ಹುಡುಕುತ್ತಾರೆ ಎಂಬ ಧೈರ್ಯ. ಮೇಲಾಗಿ ಸಹಾಯ ಫಲಕದಲ್ಲಿ 'ನನ್ನ ಹೆಸರು ತೋರಿಸಬೇಡ' ಎಂಬ ಚೌಕವೊಂದಿತ್ತು. ಅದಕ್ಕೆ ಗುರುತು ಹಾಕಿದರೆ ಪ್ರಶ್ನೆಯ ಮೇಲೆ ಹೆಸರಿನ ಬದಲು 'ಅನಾಮಿಕ' ಎಂದು ಬರುತ್ತಿತ್ತು. ಅವಳು ಪ್ರತಿ ಸಲ ಮೊದಲು ಆ ಚೌಕಕ್ಕೆ ಗುರುತು ಹಾಕಿ, ಒಂದಲ್ಲ ಎರಡು ಸಲ ನೋಡಿಕೊಂಡು, ಆಮೇಲೆ ಪ್ರಶ್ನೆ ಬರೆಯುತ್ತಿದ್ದಳು.

ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ ಲ್ಯಾಪ್‌ಟಾಪೊಂದನ್ನು ಹೆಡ್‌ಮಿಸ್ ಕೊಟ್ಟಿದ್ದರು. ಪ್ರಶ್ನೆಪತ್ರಿಕೆ ಟೈಪು ಮಾಡುವುದಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನಿಟ್ಟುಕೊಂಡು, ಒಲೆಯ ಮೇಲಿನದ್ದು ಕುದಿಯುವಷ್ಟು ಹೊತ್ತು ಕಲಿಯುತ್ತಿದ್ದಳು. ಅವಳು ಇಲ್ಲಿ ಪ್ರಶ್ನೆ ಕಳಿಸಿದರೆ ಅಲ್ಲಿ ಹಾಲಿನಲ್ಲಿ ಗಂಡನ ಕಂಪ್ಯೂಟರು 'ಟಿಣ್' ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನ ಬೆರಳು ಟಕಟಕ ಆಡುವುದು ಕೇಳುತ್ತಿತ್ತು. ನಡುವೆ ಇದ್ದದ್ದು ಒಂದು ಗೋಡೆ. ಎದ್ದು ಹತ್ತು ಹೆಜ್ಜೆ ಹೋಗಿ ಬಾಯಿಬಿಟ್ಟು ಕೇಳಬಹುದಾದ್ದನ್ನು ಆ ಹೆಂಗಸು ಊರು ಸುತ್ತಿಸಿ ಕೇಳುತ್ತಿದ್ದಳು.

ಮೊದಲನೇ ಪ್ರಶ್ನೆ ಇದು: "ಎರಡು ಮತ್ತು ಮೂರನ್ನು ಕೂಡಿಸು ಎಂದರೆ ನನ್ನ ಪ್ರೋಗ್ರಾಮು ಐದು ಎನ್ನುವ ಬದಲು ಇಪ್ಪತ್ಮೂರು ಎನ್ನುತ್ತಿದೆ. ಯಾಕೆ?" ಹೊಸಬರು ಎಲ್ಲರೂ ಎಡವುವ ಕಲ್ಲು ಅದು. ಕೀಲಿಮಣೆಯಿಂದ ಒತ್ತಿದ ಅಂಕಿಯನ್ನು ಕಂಪ್ಯೂಟರು ಅಕ್ಷರವೆಂದೇ ಹಿಡಿಯುತ್ತದೆ. ಇದು ಸಂಖ್ಯೆ ಎಂದು ನಾವು ಹೇಳದಿದ್ದರೆ ಎರಡರ ಪಕ್ಕಕ್ಕೆ ಮೂರನ್ನು ಅಂಟಿಸಿ ಕೈತೊಳೆದುಕೊಳ್ಳುತ್ತದೆ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಉತ್ತರ ಬಂದದ್ದು ಹೀಗೆ: "ಎರಡೂ ಮೂರೂ ಸೇರಿ ಇಪ್ಪತ್ಮೂರು ಆಗುವ ಲೆಕ್ಕ ಗೊತ್ತಿದ್ದವರು ಇಲ್ಲಿ ಯಾಕೆ ಕಾಲ ಕಳೆಯುತ್ತೀರಿ? ಮತ ಎಣಿಸುವ ಕಡೆ ಒಳ್ಳೆ ಕೆಲಸ ಸಿಗುತ್ತದೆ. ಮೂರನೇ ಪಾಠವನ್ನು ಕಣ್ಣು ತೆರೆದುಕೊಂಡು ನೋಡಿ."

ಅವಳು ಮೂರನೇ ಪಾಠವನ್ನು ಕಣ್ಣು ತೆರೆದುಕೊಂಡೇ ನೋಡಿದಳು. ಕಣ್ಣಲ್ಲಿ ನೀರು ತುಂಬಿದ್ದರಿಂದ ಮತ್ತೊಂದು ಸಲ ನೋಡಬೇಕಾಯಿತು. ಹಸಿರು ಗುರುತು ಬಂತು.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳಬಹುದಿತ್ತು. ಭಾನುವಾರ ಮಧ್ಯಾಹ್ನ ಮೈದುನ ಊಟಕ್ಕೆ ಬಂದ. ಗಂಡನ ತಮ್ಮ, ಊರಾಚೆ ಟಯರ್ ಅಂಗಡಿ ಇಟ್ಟವನು. ಮೊದಲೆಲ್ಲ ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ತಟ್ಟೆ ಹಾಕಿದ್ದೇ ತಡ, ಮೇಷ್ಟ್ರು ಫೋನು ತೆಗೆದು, "ಕೇಳ್ರಪ್ಪಾ, ಈ ವಾರ ನಮ್ಮ ಫಲಕಕ್ಕೆ ಒಬ್ಬ ಅನಾಮಿಕ ಬಂದಿದಾನೆ" ಎಂದು ಪ್ರಶ್ನೆಯನ್ನೂ ಉತ್ತರವನ್ನೂ ರಾಗವಾಗಿ ಓದಿದ. ಮೈದುನನಿಗೆ ನಗು ನೆತ್ತಿಗೇರಿ ನೀರು ಕುಡಿಯಬೇಕಾಯಿತು. ಅತ್ತೆಗೆ ಕೆಮ್ಮು ಬಂತು.

"ನೀನೇನೇ ಹೇಳ್ತೀಯ? ಎರಡು ಮೂರು ಎಷ್ಟು?" ಗಂಡ ಅವಳತ್ತ ತಿರುಗಿದ.

"ಐದಲ್ವೇನ್ರೀ" ಎಂದಳು.

"ನೋಡಿ! ನಮ್ಮ ಮನೆ ಜೆರಾಕ್ಸ್‌ಗೂ ಗೊತ್ತು!"

ಅವಳೂ ನಕ್ಕಳು. ನಗದಿದ್ದರೆ ಸಿಕ್ಕಿಬೀಳುತ್ತಿದ್ದಳಲ್ಲ. ಬಡಿಸುವ ಸೌಟು ಕೈಯಲ್ಲಿ ಹಿಡಿದುಕೊಂಡೇ, ತನ್ನ ದಡ್ಡತನಕ್ಕೆ ತಾನೇ, ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕಳು.

ಅಲ್ಲಿಂದ ಅದೊಂದು ವಾಡಿಕೆಯಾಗಿಬಿಟ್ಟಿತು. ಮೈದುನ ಭಾನುವಾರ ತಪ್ಪಿಸುವುದನ್ನೇ ಬಿಟ್ಟ. ಅನ್ನ ಬೀಳುವ ಮೊದಲೇ, "ಅಣ್ಣಾ, ಅನಾಮಿಕ ಏನಂದ?" ಎಂದು ಶುರು. ಒಂದು ಸಲ ಅವಳ ಪ್ರೋಗ್ರಾಮು ಒಂದರಿಂದ ಹತ್ತರವರೆಗೆ ಎಣಿಸಿ ನಿಲ್ಲುವ ಬದಲು ಬರೀ ಒಂದು, ಒಂದು, ಒಂದು ಎಂದು ತೆರೆ ತುಂಬ ಬರೆಯುತ್ತಾ ಹೋಯಿತು. ನಿಲ್ಲುವುದೇ ಇಲ್ಲ, ಏನು ಮಾಡಲಿ ಎಂದು ಕೇಳಿದ್ದಳು. ಉತ್ತರ: "ನಿಲ್ಲು ಎಂದು ನೀವು ಎಲ್ಲಿ ಹೇಳಿದ್ದೀರಿ? ಹೇಳದೇ ಅರ್ಥ ಮಾಡಿಕೊಂಡು ಬಾಯಿ ಮುಚ್ಚುವುದಕ್ಕೆ ಅದು ಕಂಪ್ಯೂಟರು, ಮನೆ ಸೊಸೆಯಲ್ಲ. ಎಣಿಕೆ ಹೆಚ್ಚಿಸುವ ಸಾಲು ಎಲ್ಲಿದೆ ಹುಡುಕಿ." ಈ ಸಲ ಅತ್ತೆ ಕಣ್ಣೊರೆಸಿಕೊಂಡು ನಕ್ಕಳು. "ಸೊಸೆಯಂತೆ ಸೊಸೆ! ಈ ಕಾಲದ ಸೊಸೆಯರು ಎಲ್ಲಿ ಬಾಯಿ ಮುಚ್ತಾರಪ್ಪಾ, ಅಲ್ವೇನೇ?" ಅವಳು ಅದಕ್ಕೂ ನಕ್ಕು ಅತ್ತೆಯ ಲೋಟಕ್ಕೆ ನೀರು ಹಾಕಿದಳು.

ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಿಟ್ಟರೆ ಶಾಲೆಯ ಕೋಣೆಯ ಜೊತೆ ಅವಳ ಬದುಕಿಗೂ ಬೀಗ. ಬೆಳಗಿನಿಂದ ಸಂಜೆಯವರೆಗೆ ಇದೇ ಹಾಲು, ಇದೇ ಮಂಚ, ಇದೇ ನಗು. ಆ ಲ್ಯಾಬು ಸಿಕ್ಕಿದರೆ ದಿನದ ಅರ್ಧವಾದರೂ ತನ್ನನ್ನು ಮಿಸ್ ಎಂದು ಕರೆಯುವ ಮಕ್ಕಳ ನಡುವೆ ಇರಬಹುದು. ಅವಳಿಗೆ ಬೇಕಿದ್ದದ್ದು ಅಷ್ಟೇ, ಆದರೆ ಅದು ಬೇಕೇ ಬೇಕಿತ್ತು. ಹಾಗಾಗಿ ಬೈಗುಳದಿಂದ ಸುಳಿವನ್ನು ಕಲ್ಲಿನ ನಡುವಿಂದ ಅಕ್ಕಿ ಆರಿಸಿದ ಹಾಗೆ ಆರಿಸಿಕೊಂಡಳು. ಬರಬರುತ್ತಾ ಬೈಗುಳ ಓದುವ ಮೊದಲೇ ಸುಳಿವಿನ ಮೇಲೆ ಕಣ್ಣು ಬೀಳುವಷ್ಟು ಪಳಗಿದಳು.

ಒಂದು ಸಲ ಮಾತ್ರ ಸುಳಿವೂ ಬರಲಿಲ್ಲ. ಹಾಜರಿ ಪಟ್ಟಿಯಿಂದ ಬಾರದ ಮಕ್ಕಳ ಹೆಸರು ತೆಗೆಯುವ ಪ್ರೋಗ್ರಾಮು ಅದು. ಪಟ್ಟಿಯನ್ನು ಮೊದಲಿನಿಂದ ನೋಡುತ್ತಾ ಹೋಗಿ, ಬಾರದ ಮಗು ಸಿಕ್ಕಿದರೆ ಹೆಸರು ಅಳಿಸಬೇಕು. ಅಳಿಸುತ್ತಿತ್ತು, ಆದರೆ ಬಾರದ ಇಬ್ಬರು ಮಕ್ಕಳು ಪಕ್ಕಪಕ್ಕದಲ್ಲಿದ್ದರೆ ಒಬ್ಬರು ಪಟ್ಟಿಯಲ್ಲೇ ಉಳಿದುಬಿಡುತ್ತಿದ್ದರು. ಪ್ರಶ್ನೆ ಹಾಕಿದಳು. ಹಾಲಿನಲ್ಲಿ ಟಿಣ್ ಎಂದಿತು, ಬೆರಳಿನ ಸದ್ದಿಲ್ಲ. ಮರುದಿನವೂ ಇಲ್ಲ. ಕೊನೆಗೆ ಒಂದೇ ಮಾತು ಬಂತು: "ಹುಡುಕಿಕೊಳ್ಳಿ."

ಹುಡುಕಿಕೊಂಡಳು. ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತದ್ದನ್ನು ನೋಡುತ್ತಿದ್ದಾಗ ಹೊಳೆಯಿತು. ಸಾಲಿನಿಂದ ಒಬ್ಬನನ್ನು ಹೊರಗೆಳೆದರೆ ಹಿಂದಿನವರೆಲ್ಲ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಎಣಿಸುವವಳು ಅದೇ ಹೊತ್ತಿಗೆ ಮುಂದಿನ ಜಾಗಕ್ಕೆ ಹೋಗಿಬಿಟ್ಟರೆ, ಖಾಲಿ ಜಾಗಕ್ಕೆ ಬಂದು ನಿಂತವನು ಅವಳ ಕಣ್ಣಿಗೇ ಬೀಳುವುದಿಲ್ಲ. ಹಾಗಾದರೆ ಸಾಲಿನ ಕೊನೆಯಿಂದ ಎಣಿಸುತ್ತಾ ಬಂದರಾಯಿತು! ಪ್ರೋಗ್ರಾಮು ತಿದ್ದಿ ಓಡಿಸಿದಳು, ಹಸಿರು. ತನ್ನ ಹಾಗೆ ಇನ್ನೊಬ್ಬರು ಒದ್ದಾಡುವುದು ಬೇಡವೆಂದು ಮಕ್ಕಳ ಸಾಲಿನ ಕಥೆಯನ್ನೇ ತನ್ನ ಪ್ರಶ್ನೆಯ ಕೆಳಗೆ ಬರೆದು ಹಾಕಿದಳು. ಎಷ್ಟೋ ಜನ ಈಗ ಅರ್ಥವಾಯಿತು, ಈಗ ಅರ್ಥವಾಯಿತು ಎಂದು ಬರೆದರು. ಆ ವಾರ ಭಾನುವಾರದ ಊಟದಲ್ಲಿ ಅನಾಮಿಕನ ಸುದ್ದಿಯೇ ಬರಲಿಲ್ಲ. ಮೈದುನ ಕೇಳಿದ್ದಕ್ಕೆ ಗಂಡ, "ಈ ವಾರ ಏನೂ ಮಜಾ ಇಲ್ಲ ಕಣೋ" ಎಂದು ತಟ್ಟೆಗೆ ಕೈ ಹಾಕಿದ.

ಕೊನೆಯ ಪರೀಕ್ಷೆಯಲ್ಲಿ ಎಲ್ಲವೂ ಹಸಿರು. ಆ ಸಂಸ್ಥೆಯಲ್ಲೊಂದು ಪದ್ಧತಿಯಿತ್ತು: ಚೆನ್ನಾಗಿ ಪಾಸಾದವರು ಸರ್ಟಿಫಿಕೇಟು ಕೈಗೆ ಬರುವ ಮೊದಲು ಕೆಲವು ವಾರ ಸಹಾಯ ಫಲಕದಲ್ಲಿ ಹೊಸಬರಿಗೆ ಉತ್ತರ ಬರೆಯಬೇಕು. ಅವಳಿಗೂ ಆದೇಶ ಬಂತು. ಸಂತೋಷಕ್ಕೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸರ್ಟಿಫಿಕೇಟು ಬರಲಿ, ಅದನ್ನು ಭಾನುವಾರ ಊಟದ ಹೊತ್ತಿಗೆ ಗಂಡನ ತಟ್ಟೆಯ ಪಕ್ಕ ಇಡುತ್ತೇನೆ, ಬಾಯಿಂದ ಒಂದು ಮಾತೂ ಆಡುವುದಿಲ್ಲ ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದಳು. ಆ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ತೆರೆದು, ಸಹಾಯಕಿಯಾಗಿ ಮೊದಲ ಸಲ ಫಲಕದ ಒಳಗೆ ಹೋದಳು.

ಫಲಕ ಮೊದಲಿನ ಹಾಗಿರಲಿಲ್ಲ. ಪ್ರತಿಯೊಬ್ಬ 'ಅನಾಮಿಕ'ನ ಕೆಳಗೂ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಒಂದೊಂದು ಹೆಸರಿತ್ತು. ಏನಿದು ಎಂದು ಅವಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ಸೂಚನೆ ಓದಿದಳು: ಹೆಸರು ಮರೆಸುವುದು ಕಲಿಯುವವರಿಂದ ಮಾತ್ರ, ಉತ್ತರ ಬರೆಯುವವರಿಗೆ ಎಲ್ಲರ ಹೆಸರೂ ಕಾಣುತ್ತದೆ.

ಹಿಂದಕ್ಕೆ ಹೋದಳು. ಇಪ್ಪತ್ಮೂರರ ಪ್ರಶ್ನೆ. ಕೆಳಗೆ ಅವಳ ಹೆಸರು, ಪಕ್ಕದಲ್ಲಿ ಅಪ್ಪನ ಹೆಸರು, ಮದುವೆಯ ಕರೆಯೋಲೆಯಲ್ಲಿ ಅಚ್ಚಾಗಿದ್ದ ಹಾಗೇ. ಸೊಸೆಯ ಮಾತಿದ್ದ ಪ್ರಶ್ನೆ. ಕೆಳಗೆ ಅವಳ ಹೆಸರು. ಎಲ್ಲದರ ಕೆಳಗೂ ಅದೇ. ಗುರುತಿಸದಿರುವುದಕ್ಕೆ ಗಂಡನೇನು ಕುರುಡನೇ?

ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ಹಾಲಿಗೆ ಹೋದಳು.

"ರೀ, ಈ ಹೆಸರು ನಿಮಗೆ ಕಾಣ್ತಿತ್ತಾ?"

ಅವನು ತಲೆಯೆತ್ತಿ ತೆರೆ ನೋಡಿದ, ಅವಳ ಮುಖ ನೋಡಿದ. "ಕಾಣ್ದೆ ಏನು? ಮೊದಲನೇ ದಿನದಿಂದ ಕಾಣ್ತಿತ್ತು."

"ಮತ್ತೆ ಊಟಕ್ಕೆ ಕೂತಾಗ ಓದ್ತಿದ್ರಲ್ಲ..."

"ನೀನೂ ನಗ್ತಿದ್ದೆಯಲ್ಲ."

ಮಂಚದ ಮೇಲಿಂದ ಅತ್ತೆ ಬಾಯಿ ಹಾಕಿದಳು. "ಅಯ್ಯೋ ಬಿಡೇ, ಅದಕ್ಯಾಕೆ ಮುಖ ಹಂಗೆ ಮಾಡ್ತೀಯ? ನಮಗೆಲ್ಲ ಗೊತ್ತಿತ್ತು. ಇವನು ಮೊದಲೇ ಹೇಳಿದ್ದ, ಎಷ್ಟು ದಿನ ನಾಟಕ ಆಡ್ತಾಳೋ ನೋಡೋಣ ಅಂತ."

"ಮೈದುನರಿಗೂ ಗೊತ್ತಿತ್ತಾ?"

"ಚೆನ್ನಾಗಿ ಕೇಳಿದೆ! ಅವನು ವಾರವಾರ ಬರ್ತಿದ್ದದ್ದೇ ಅದಕ್ಕೆ. ನಿನ್ನ ಕೈ ಅಡುಗೆ ತಿನ್ನೋಕೆ ಅಂದ್ಕೊಂಡ್ಯಾ?"

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಅವರು ನಕ್ಕದ್ದು ಪ್ರಶ್ನೆಗಳಿಗಲ್ಲ. ಸೌಟು ಹಿಡಿದು ನಿಂತು ತನ್ನನ್ನು ತಾನೇ ಹಂಗಿಸಿಕೊಂಡು ನಗುತ್ತಿದ್ದ ಹೆಂಗಸನ್ನು ನೋಡಿ ನಗುತ್ತಿದ್ದರು. ಅವಳು ಜೋರಾಗಿ ನಕ್ಕಷ್ಟೂ ಅವರಿಗೆ ಊಟ ಹೆಚ್ಚು ರುಚಿಸುತ್ತಿತ್ತು. ಥೂ, ಎಂಥ ಜನ! ಒಬ್ಬರಿಗಾದರೂ ಒಂದು ಭಾನುವಾರವಾದರೂ ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳಬಾರದಿತ್ತೇ?

ಸಿಟ್ಟು ಬರುವುದಕ್ಕೆ ಪುರುಸೊತ್ತಾಗುವ ಮೊದಲೇ ಸಂಸ್ಥೆಯಿಂದ ಕರೆ ಬಂತು. ಸಹಾಯಕರಿಗೆ ಗುರುತಿನ ಚೀಟಿ ಮಾಡುವ ಗುಮಾಸ್ತ ಅವಳ ವಿಳಾಸ ನೋಡಿ, ಇದು ನಮ್ಮ ಮೇಷ್ಟ್ರ ಮನೆಯಲ್ಲವೇ ಎಂದು ಮುಖ್ಯಸ್ಥರಿಗೆ ತೋರಿಸಿದ್ದ. ಗಂಡ ಹೆಂಡತಿ ಇಬ್ಬರೂ ಬಂದು ವಿವರಣೆ ಕೊಡಬೇಕು. ಮನೆಯಲ್ಲೇ ಇರುವ ಮೇಷ್ಟ್ರು ಹೇಳಿಕೊಟ್ಟು ಪಾಸು ಮಾಡಿಸಿದ್ದಾರೆಯೇ ಎಂಬುದು ಅವರ ಅನುಮಾನ. ಅದನ್ನು ಕೇಳಿ ಅವಳಿಗೆ ಒಂದು ಕ್ಷಣ ನಿಜವಾಗಿಯೇ ನಗು ಬಂತು.

ಹೊರಡುವ ಬೆಳಿಗ್ಗೆ ಗಂಡನ ಮುಂದೆ ನಿಂತು ಹೇಳಿದಳು: "ಆಗಿದ್ದು ಆಗಿ ಹೋಯ್ತು. ನಾನು ಏನೂ ಕೇಳಲ್ಲ. ನೀವು ಹೇಳಿಕೊಟ್ಟಿಲ್ಲ ಅನ್ನೋದೊಂದು ನಿಜ ಹೇಳಿಬಿಡಿ, ಸಾಕು. ನಂಗೆ ಆ ಕೆಲಸ ಸಿಗುತ್ತೆ."

"ನಿಜ ಹೇಳೋಕೆ ನಂಗೇನು ಕಷ್ಟ" ಎಂದ ಅವನು, ಬಾಚಣಿಗೆ ಕೆಳಗಿಡುತ್ತಾ.

ಅವಳು ನಂಬಿದಳು. ಆದರೂ ಕೈಯಲ್ಲಿ ಆಧಾರವಿರಲಿ ಎಂದು ಫಲಕದ ತನ್ನ ಪ್ರಶ್ನೆಗಳನ್ನೂ ಅವನ ಉತ್ತರಗಳನ್ನೂ ಮೆಟ್ಟಿಲ ಕೆಳಗಿನ ಕೋಣೆಯಲ್ಲೇ ಅಚ್ಚು ಹಾಕಿ ತಂದಿದ್ದಳು.

ಮುಖ್ಯಸ್ಥರ ಕೋಣೆಯಲ್ಲಿ ಗಾಜಿನ ಮೇಜು, ಧೂಳು ಹಿಡಿದ ಪ್ಲಾಸ್ಟಿಕ್ ಹೂವು, ಏಸಿಯಿಂದ ತೊಟ್ಟಿಕ್ಕುವ ನೀರಿಗೊಂದು ಬಕೆಟ್ಟು. ಮುಖ್ಯಸ್ಥರ ಪಕ್ಕದಲ್ಲಿ ಪರೀಕ್ಷಾ ವಿಭಾಗದ ಮೇಡಂ.

"ನೋಡಮ್ಮ," ಮುಖ್ಯಸ್ಥರು ಶುರು ಮಾಡಿದರು, "ನೀವು ಮೇಷ್ಟ್ರ ಮನೆಯವರು ಅಂತ ಸೇರುವಾಗಲೇ ಹೇಳಬೇಕಿತ್ತು. ಹೋಗ್ಲಿ, ಅದನ್ನ ನಾವು ಮನ್ನಿಸಬಹುದು. ಆದ್ರೆ ಮನೇಲಿ ಅವರ ಸಹಾಯ ಪಡೆದಿದ್ರೆ ಫಲಿತಾಂಶ ರದ್ದು. ನಿಯಮ ಅದು. ಹೇಳಿಕೊಟ್ರಾ?"

"ಒಂದಕ್ಷರ ಹೇಳಿಕೊಟ್ಟಿಲ್ಲ ಸರ್. ಅವರು ನಂಗೆ ಮಾಡಿದ ಸಹಾಯ ಏನಿದ್ರೂ ಇಷ್ಟೇ." ಹಾಳೆಗಳನ್ನು ಮೇಜಿನ ಮೇಲಿಟ್ಟಳು. "ಓದ್ತೀನಿ, ಕೇಳಿ."

ಓದಿದಳು. ಮತ ಎಣಿಸುವ ಮಾತು ಬಂದಾಗ ಮುಖ್ಯಸ್ಥರ ತುಟಿ ಅಲುಗಿತು. ಸೊಸೆಯ ಮಾತು ಬಂದಾಗ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ಅವಳು ಹಾಳೆ ತಿರುಗಿಸುತ್ತಾ ಹೋದ ಹಾಗೆ ಇಬ್ಬರಿಗೂ ತಡೆಯಲಾಗದೆ ನಗು ಹೊರಬಿತ್ತು. ನಗಬಾರದೆಂದು ಅವರಿಗೆ ಗೊತ್ತಿತ್ತು. ಆದರೆ ಮೇಷ್ಟ್ರ ಮಾತಿನಲ್ಲಿ ಅಂಥ ವರಸೆ. ಅವಳೊಬ್ಬಳು ನಗಲಿಲ್ಲ.

ಮುಖ್ಯಸ್ಥರು ಕನ್ನಡಕ ಒರೆಸಿಕೊಂಡು ಗಂಭೀರರಾದರು. "ಅಲ್ಲಾ ಮೇಷ್ಟ್ರೇ, ಹೆಸರು ನಿಮಗೆ ಕಾಣ್ತಿತ್ತು. ಯಾರು ಅಂತ ಗೊತ್ತಿದ್ದೂ ಹೀಗೆ ಬರೆದ್ರಾ? ಹಿಂದೆ ಒಂದು ದೂರು ಬಂದಾಗ ನಾನು ಏನು ಹೇಳಿದ್ದೆ, ನೆನಪಿದೆ ತಾನೆ?"

ಮೇಷ್ಟ್ರ ಮುಖದ ರಕ್ತ ಇಳಿಯಿತು. ಹಾಳೆಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಮೆಲ್ಲಗೆ ನಕ್ಕ. ಅಂಥ ಮುದ್ದಾದ ನಗುವನ್ನು ಅವಳು ಆ ಮುಖದ ಮೇಲೆ ಎಂದೂ ಕಂಡಿರಲಿಲ್ಲ.

"ಅಯ್ಯೋ ಸರ್, ಅದು ಗಂಡ ಹೆಂಡತಿ ಸರಸ. ಫಲಕದಲ್ಲಿ ಹೀಗೆ ಕಾಲೆಳೆಯೋದು, ಮನೇಲಿ ಪಕ್ಕ ಕೂತು ಬಿಡಿಸಿ ಹೇಳಿಕೊಡೋದು. ನಮ್ಮ ಮನೇಲಿ ಅದೇ ಆಟ. ಹೆಂಡತಿ ಕಲಿಬೇಕು ಅಂದಾಗ ಗಂಡ ಆದೋನು ಕೈಕಟ್ಟಿ ಕೂರೋಕಾಗುತ್ತಾ? ಹೌದು ಸರ್, ನಾನೇ ಎಲ್ಲ ಹೇಳಿಕೊಟ್ಟೆ. ತಪ್ಪು ನಂದೇ, ಅವಳನ್ನ ಏನೂ ಅನ್ಬೇಡಿ."

ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳಿದ. ಅವಮಾನದ ದೂರೂ ಹಾರಿಹೋಯಿತು, ಮೇಲೆ ಒಳ್ಳೆ ಗಂಡನೆಂಬ ಬಿರುದೂ ಬಂತು.

"ಸುಳ್ಳು!" ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಸರ್, ಅಪ್ಪಟ ಸುಳ್ಳು! ಇವರು ಒಂದಿನ ನನ್ನ ಪಕ್ಕ ಕೂತಿಲ್ಲ! ಬೇಕಾದ್ರೆ ಈಗಲೇ ಒಂದು ಪ್ರಶ್ನೆ ಕೊಡಿ, ನಿಮ್ಮ ಕಣ್ಮುಂದೆ ಬರೆದು ತೋರಿಸ್ತೀನಿ!"

"ಕೂತ್ಕೊಳ್ಳಮ್ಮ. ನಿಮಗೆ ಬರಲ್ಲ ಅಂತ ಯಾರು ಅಂದ್ರು? ಬರುತ್ತೆ. ಯಾರು ಹೇಳಿಕೊಟ್ರು ಅನ್ನೋದು ಇಲ್ಲಿ ಪ್ರಶ್ನೆ. ಹೇಳಿಕೊಟ್ಟೋರೇ ಒಪ್ಕೊಂಡ ಮೇಲೆ ನಾವೇನು ಮಾಡೋಣ?"

ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಪಾಪ, ಅಷ್ಟು ಒಳ್ಳೆ ಮನುಷ್ಯ ತಪ್ಪನ್ನೆಲ್ಲ ಮೈಮೇಲೆ ಎಳ್ಕೊಂಡು ನಿಮ್ಮನ್ನ ಉಳಿಸೋಕೆ ನೋಡ್ತಿದ್ರೆ, ಅವರನ್ನೇ ಸುಳ್ಳುಗಾರ ಅಂತೀರಲ್ಲಮ್ಮ! ಒಂದು ಸರ್ಟಿಫಿಕೇಟಿಗೋಸ್ಕರ ಇಷ್ಟಾ?"

ಮೇಷ್ಟ್ರಿಗೆ, ಇನ್ನು ಮುಂದೆ ಹೀಗೆಲ್ಲ ಮಾಡಬೇಡಿ ಎಂಬ ನಗೆಮುಖದ ಬುದ್ಧಿಮಾತು. ಅವಳಿಗೆ, ಫಲಿತಾಂಶ ರದ್ದು. ಮುಂದಿನ ವರ್ಷ ಬೇಕಾದರೆ ಮೊದಲಿನಿಂದ ಸೇರಿಕೊಳ್ಳಬಹುದು. ಹಾಳೆಗಳನ್ನು ಮುಖ್ಯಸ್ಥರು ಜೋಡಿಸಿ, ಅವಳಿಗಲ್ಲ, ಗಂಡನ ಕೈಗೆ ಕೊಟ್ಟರು.

ಪಡಸಾಲೆಯಲ್ಲಿ ನಿಂತು ಹೆಡ್‌ಮಿಸ್‌ಗೆ ಫೋನು ಮಾಡಿದಳು. "ಮುಂದಿನ ವರ್ಷದವರೆಗೆ ಲ್ಯಾಬು ಖಾಲಿ ಇಡೋಕಾಗುತ್ತೇನಮ್ಮ?" ಎಂದರು ಅವರು. "ನಮ್ಮ ಅಕ್ಕನ ಮಗಳೂ ಅಲ್ಲೇ ಪಾಸಾಗಿದಾಳೆ. ನಿಂಗೆ ಮಾತು ಕೊಟ್ಟಿದ್ದೆ ಅಂತ ಅವಳನ್ನ ತಡೆದಿದ್ದೆ. ಇನ್ನು ತಡೆಯೋದು ಹೇಗೆ?" ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಬಾಯಿಗೆ ಬಂದದ್ದನ್ನೇ ಬೆರಳು ಹಾಕಿ ಕಿತ್ತುಕೊಂಡಿದ್ದರು.

ಮನೆಗೆ ಹೋಗುವುದಕ್ಕೆ ಇದ್ದದ್ದು ಗಂಡನ ಸ್ಕೂಟರೇ. ಹಿಂದೆ ಕೂತಳು, ಹೆಗಲು ಹಿಡಿಯದೆ ಹಿಂದಿನ ಕಬ್ಬಿಣದ ಪಟ್ಟಿ ಹಿಡಿದುಕೊಂಡಳು. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಅವನು ತಲೆ ಅರ್ಧ ತಿರುಗಿಸಿ, ಯಾವ ತಮಾಷೆಯ ಸೋಂಕೂ ಇಲ್ಲದ ದನಿಯಲ್ಲಿ ಹೇಳಿದ:

"ಒಂದು ಮಾತು ಹೇಳ್ತೀನಿ ಕೇಳು. ನೀನು ಚೆನ್ನಾಗಿ ಕಲ್ತಿದೀಯ. ಇಷ್ಟು ವರ್ಷದಲ್ಲಿ ಯಾರ ಸಹಾಯಾನೂ ಇಲ್ದೆ ಇಷ್ಟು ಚೆನ್ನಾಗಿ ಕಲಿತೋರನ್ನ ನಾನು ನೋಡಿಲ್ಲ."

ಈ ಒಂದು ಮಾತಿಗಾಗಿ ಅವಳು ಎಷ್ಟು ಸಂಜೆ ಕಾದಿರಲಿಲ್ಲ!

"ಅದನ್ನ ಅಲ್ಲಿ ಹೇಳ್ಬೇಕಿತ್ತು."

"ಅಲ್ಲಿ ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತಲ್ಲೇ."

"ನನ್ನ ಕೆಲಸ ಹೋಯ್ತಲ್ಲ."

ಅವನು ಸ್ವಲ್ಪ ಯೋಚಿಸಿದ. ಹೊಸಬರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವಾಗ ಯೋಚಿಸುವ ಹಾಗೇ.

"ನಿಂದು ಹೋಗೋಕೆ ಇನ್ನೂ ಬಂದೇ ಇರ್ಲಿಲ್ಲವಲ್ಲ" ಎಂದ. ದೀಪ ಹಸಿರಾಯಿತು, ಹಿಂದಿನ ಗಾಡಿಗಳು ಹಾರ್ನು ಹೊಡೆದವು, ಅವನು ಮನೆಯ ಕಡೆ ಗಾಡಿ ಬಿಟ್ಟ.